ಉಟ್ಟದ್ದು, ತೊಟ್ಟದ್ದು, ಮುಚ್ಚಿಟ್ಟದ್ದು

ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಹುಡುಗಿ ಮೈನೆರೆದರೆ ಆ ಸುದ್ದಿಯನ್ನು ಯಾರೂ ಪಿಸುಗುಟ್ಟುವುದಿಲ್ಲ. ‘ಪೆದ್ದಮನಿಷಿ ಅಯಿಂದಂಟ’ ಎಂದು ತೆಲುಗಿನಲ್ಲೋ ‘ದೊಡ್ಡೋಳಾದ್ಲಂತೆ’ ಎಂದು ಕನ್ನಡದಲ್ಲೋ ಬೀದಿ ತುಂಬ ಹಬ್ಬುತ್ತದೆ. ಸೋದರಮಾವ ಬಂದು ತೆಂಗಿನ ಗರಿ, ಹಸಿರು ಸೊಪ್ಪು ತಂದು ಗುಡ್ಲು ಹಾಕುತ್ತಾನೆ. ನೆಂಟರ ಹೆಂಗಸರು ಚಿಗಳಿ, ಕೊಬ್ಬರಿ ಬೆಲ್ಲ ಹೊತ್ತು ಬರುತ್ತಾರೆ. ಒಸಗೆಯ ದಿನ ಮಾವ ತಂದ ರೇಷ್ಮೆ ಸೀರೆ, ಬೆನ್ನುದ್ದ ಮೊಗ್ಗಿನ ಜಡೆ, ಕೈತುಂಬ ಬಳೆ, ಸೊಂಟಕ್ಕೆ ಡಾಬು. ಕೈಯಲ್ಲಿ ನಾಲ್ಕು ಕಾಸು ಆಡುವ ಮನೆಗಳಲ್ಲಿ ಇದೀಗ ಹಾಫ್ ಸ್ಯಾರಿ ಫಂಕ್ಷನ್ ಆಗಿದೆ. ಕಲ್ಯಾಣಮಂಟಪ, ಫೋಟೋಶೂಟ್, ರಸ್ತೆ ತಿರುವಿನಲ್ಲಿ ಹುಡುಗಿಯ ಆಳೆತ್ತರದ ಫ್ಲೆಕ್ಸು. ಹದಿಮೂರು ವರ್ಷದ ಹುಡುಗಿಯ ದೇಹದ ಖಾಸಗಿ ಸಂಗತಿಯೊಂದನ್ನು ಊರಿಗೆ ಊರೇ ನೋಡುವಂತೆ ಅವಳ ಮೈಮೇಲೆ ತೊಡಿಸಿ ಕೂರಿಸುವ ಹಬ್ಬ ಅದು.

ಮುಂದಿನ ತಿಂಗಳು ಅದೇ ಹುಡುಗಿಗೆ ಅದೇ ಅಜ್ಜಿ ಹೇಳುವುದು ಬೇರೆ. ಹೂ ಮುಡಿಬೇಡ. ದೇವರ ಮನೆ ಕಡೆ ಸುಳಿಬೇಡ. ಮಲ್ಲಿಗೆ ಗಿಡ ಮುಟ್ಟಬೇಡ, ಬಾಡುತ್ತೆ. ಹಳೇ ಬಟ್ಟೆ ಉಡು, ಬೇರೆ ಚಾಪೆ ಹಾಸಿಕೋ. ತೊಯ್ದ ಬಟ್ಟೆ ಒಗೆದು ಗಂಡಸರ ಕಣ್ಣಿಗೆ ಬೀಳದ ಹಾಗೆ ಒಣಗಿಸು.

ಆದ್ದರಿಂದ ‘ಮುಟ್ಟಿನ ಬಗ್ಗೆ ನಮ್ಮ ಸಮಾಜ ಮೌನವಾಗಿದೆ, ಮೌನ ಮುರಿಯೋಣ’ ಎಂಬ ಪ್ರಚಾರ ವಾಕ್ಯ ಕೋಲಾರ ಸೀಮೆಯ ಮಟ್ಟಿಗೆ ಅರ್ಧ ಮಾತ್ರ ನಿಜ. ಇಲ್ಲಿ ಮೊದಲನೆಯದಕ್ಕೆ ಮೆರವಣಿಗೆ, ಆಮೇಲಿನ ನಾನೂರು ಚಿಲ್ಲರೆ ಸಲಕ್ಕೆ ಮರೆ. ಎರಡನ್ನೂ ಹೇಳುವುದು ಬಟ್ಟೆ, ಹೂವು, ಒಡವೆಯ ಮೂಲಕವೇ. ಕಳಂಕಕ್ಕೂ ಒಂದು ವಸ್ತ್ರಸಂಹಿತೆ ಇದೆ, ಅದು ಹಳೆಯದು. ತೈತ್ತಿರೀಯ ಸಂಹಿತೆಯಲ್ಲಿ ಇಂದ್ರನ ಬ್ರಹ್ಮಹತ್ಯಾ ದೋಷದ ಒಂದು ಪಾಲನ್ನು ಹೆಂಗಸರು ಹೊತ್ತ ಕಥೆಯ ಬೆನ್ನಿಗೇ ಮುಟ್ಟಾದವಳು ಎಣ್ಣೆ ಹಚ್ಚಬಾರದು, ತಲೆ ಬಾಚಬಾರದು, ಕಣ್ಣಿಗೆ ಕಾಡಿಗೆ ತೀಡಬಾರದು ಎಂಬ ಪಟ್ಟಿ ಬರುತ್ತದೆ. ಅಲಂಕಾರವನ್ನು ಹಿಂತೆಗೆದುಕೊಳ್ಳುವುದೇ ಅಲ್ಲಿಯ ಶಿಕ್ಷೆ. ಇದೇ ಕಾರಣಕ್ಕೆ, ಮೈಮೇಲೆ ತೊಡುವ ಕಲೆಯಿಂದ ಈ ಕಳಂಕವನ್ನು ಎದುರಿಸಲು ಹೊರಟವರ ಕೆಲಸವನ್ನು ಶೋಕಿ ಎಂದು ತಳ್ಳಿಹಾಕಲು ಬರುವುದಿಲ್ಲ. ಕಳಂಕ ಎಲ್ಲಿ ಕೂತಿದೆಯೋ ಅಲ್ಲಿಗೇ ಅವರು ಕೈಹಾಕಿದ್ದಾರೆ. ಎಷ್ಟು ದೂರ ಹೋಗಿದ್ದಾರೆ ಎಂಬುದು ಬೇರೆ ಪ್ರಶ್ನೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಮೂರು ದಿನ ‘ಹೊರಗೆ ಕೂರುವ’ ಸವಲತ್ತು, ಅದನ್ನು ಸವಲತ್ತು ಎನ್ನಬಹುದಾದರೆ, ಎಲ್ಲರಿಗೂ ಇರಲಿಲ್ಲ. ಮಾಲೂರಿನ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆಗಳಲ್ಲಿ ಮಣ್ಣು ಹೊತ್ತವರು, ಟೊಮೆಟೊ ಬಿಡಿಸಲು ಕೂಲಿಗೆ ಹೋದವರು ಮುಟ್ಟಾದ ದಿನವೂ ಹೋಗಲೇಬೇಕಾಗಿತ್ತು. ಅವರ ಮೈಲಿಗೆ ಗುಡಿಯ ಬಾಗಿಲಲ್ಲಿ, ದೇವರ ಗೂಡಿನ ಮುಂದೆ ಮಾತ್ರ ನೆನಪಾಗುತ್ತಿತ್ತು. ಜಾತಿ ಕಾರಣಕ್ಕೆ ವರ್ಷವಿಡೀ ಹೊರಗೇ ಇರಿಸಲಾದ ಹೆಂಗಸಿಗೆ ತಿಂಗಳಿನ ಮೂರು ದಿನದ ಹೊರಗು ಯಾವ ಲೆಕ್ಕ? ಮುಟ್ಟಿನ ಕುರಿತ ನಗರದ ಕಲೆಯಲ್ಲಿ ಈ ಪ್ರಶ್ನೆ ಅಪರೂಪ.

ಹೊರಗಿನ ಲೋಕದಲ್ಲಿ ಆದದ್ದನ್ನು ಬೇಗ ನೋಡಿ ಬರೋಣ. ಅಮೆರಿಕದ ಜೂಡಿ ಚಿಕಾಗೊ 1971ರಲ್ಲಿ ‘ರೆಡ್ ಫ್ಲ್ಯಾಗ್’ ಎಂಬ ಚಿತ್ರದಿಂದ ಕಲಾ ಗ್ಯಾಲರಿಯ ಗೋಡೆಗೆ ಈ ವಿಷಯ ತಂದರು. ಅದು ನೋಡುವ ಕಲೆ, ತೊಡುವುದಲ್ಲ. 2013ರಲ್ಲಿ ಆಸ್ಟ್ರೇಲಿಯಾದ ಕೇಸಿ ಜೆಂಕಿನ್ಸ್ ತಮ್ಮ ದೇಹದೊಳಗಿಟ್ಟ ಉಣ್ಣೆಯ ಉಂಡೆಯಿಂದ 28 ದಿನ ಹೆಣೆದರು. ಮುಟ್ಟಿನ ದಿನಗಳ ಕೆಂಪು ಆ ಹೆಣಿಗೆಯಲ್ಲಿ ತಾನಾಗಿ ಬಂತು. ವೀಡಿಯೊ ನೋಡಿದವರ ಅಸಹ್ಯವೇ ಆ ಕೃತಿಯ ಅರ್ಧ ಭಾಗವಾಯಿತು. 2015ರ ಲಂಡನ್ ಮ್ಯಾರಥಾನ್‌ನಲ್ಲಿ ಭಾರತೀಯ ಮೂಲದ ಕಿರಣ್ ಗಾಂಧಿ ಪ್ಯಾಡ್ ಇಲ್ಲದೆ ಓಡಿದಾಗ, ನೆಂದ ಓಟದ ಉಡುಪೇ ಸುದ್ದಿಯಾಯಿತು. ನಮ್ಮಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದಿದ ರಾಹ್ ನಖ್ವಿ ಒಳ ಉಡುಪಿನ ಮೇಲೆ ಕೆಂಪು ಮಣಿ, ದಾರಗಳಿಂದ ರಕ್ತದ ಗುರುತನ್ನೇ ಕಸೂತಿ ಮಾಡಿದರು. ಮದುವೆ ಸೀರೆಗೆ ಹಾಕುವ ತಾಳ್ಮೆಯನ್ನು ಮುಚ್ಚಿಡಬೇಕಾದ ಬಟ್ಟೆಗೆ ಹಾಕಿದ್ದು ಅದರ ಹೆಚ್ಚುಗಾರಿಕೆ. ಆದರೆ ಅದನ್ನು ತೊಟ್ಟು ಯಾರೂ ಬಸ್ಸು ಹತ್ತುವುದಿಲ್ಲ. ಉಡುಪಿನ ರೂಪದಲ್ಲಿದ್ದರೂ ಅದು ಗೋಡೆಗೇ ಸೇರಿದ್ದು.

ನಿಜವಾಗಿ ತೊಡುವಂಥದ್ದು ಎಂದರೆ ಮಣಿಯ ಕೈದಾರ. ಜರ್ಮನಿಯ ‘ವಾಶ್ ಯುನೈಟೆಡ್’ ಸಂಸ್ಥೆಯ ಮುಂದಾಳತ್ವದಲ್ಲಿ 2014ರಿಂದ ಮೇ 28 ಮುಟ್ಟಿನ ನೈರ್ಮಲ್ಯ ದಿನವಾಯಿತು. 28 ದಿನದ ಚಕ್ರ, ಐದು ದಿನದ ಸ್ರಾವ, ಐದನೇ ತಿಂಗಳು, ಇದು ಲೆಕ್ಕ. ಅದರ ಗುರುತಾಗಿ ಬೆಳೆದದ್ದು 28 ಮಣಿಗಳ ಕೈದಾರ, ಐದು ಮಣಿ ಕೆಂಪು. ಕಲಾಕೃತಿ ಎಂದು ನೋಡಿದರೆ ಇದರಲ್ಲಿ ದೊಡ್ಡದೇನೂ ಇಲ್ಲ. ಆದರೂ ನನಗೆ ಗ್ಯಾಲರಿಯ ಕೃತಿಗಳಿಗಿಂತ ಇದೇ ಹೆಚ್ಚು ಜಾಣತನದ್ದಾಗಿ ಕಾಣುತ್ತದೆ. ಉಡಿದಾರ, ತಾಯಿತ, ಕಂಕಣ ಕಟ್ಟಿ ಬೆಳೆದ ಊರಿನವರಿಗೆ ಇನ್ನೊಂದು ದಾರ ಹೊಸತಲ್ಲ. ಹುಡುಗಿ ತಾನೇ ಪೋಣಿಸುತ್ತಾಳೆ, ಪೋಣಿಸುತ್ತ ದಿನ ಎಣಿಸಲು ಕಲಿಯುತ್ತಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ತೊಟ್ಟವಳು ಇವತ್ತು ಮುಟ್ಟಾಗಿದ್ದಾಳೆಂದು ಅದು ಸಾರುವುದಿಲ್ಲ. ಒಸಗೆಯ ಫ್ಲೆಕ್ಸು ಕೊಡದ ಮರ್ಯಾದೆಯನ್ನು ಆ ದಾರ ಕೊಡುತ್ತದೆ. ಕೊರತೆಯೂ ಉಂಟು: ಎಲ್ಲರ ಚಕ್ರ 28 ದಿನದ್ದಲ್ಲ. ರಕ್ತಹೀನತೆ, ಪಿಸಿಒಡಿ ಇದ್ದ ಹುಡುಗಿ ಮಣಿ ಎಣಿಸಿ ‘ನಂದು ಸರಿಯಿಲ್ಲ’ ಎಂದು ಹೆದರಿದರೆ ಅದಕ್ಕೆ ಉತ್ತರ ಹೇಳುವ ಟೀಚರೋ ಆಶಾ ಕಾರ್ಯಕರ್ತೆಯೋ ಪಕ್ಕದಲ್ಲಿರಬೇಕು.

ಬಟ್ಟೆಯನ್ನೇ ಸಾಕ್ಷಿಯಾಗಿ ನಿಲ್ಲಿಸುವ ಇನ್ನೊಂದು ದಾರಿ ಬೆಂಗಳೂರಿನಲ್ಲೇ ಹುಟ್ಟಿತು. ಜಸ್ಮೀನ್ ಪಥೇಜಾ 2003ರಲ್ಲಿ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’, ಕಿರುಕುಳಕ್ಕೆ ಒಳಗಾದ ಹೊತ್ತು ಹೆಂಗಸರು ತೊಟ್ಟಿದ್ದ ಉಡುಪುಗಳನ್ನೇ ಸಂಗ್ರಹಿಸಿ ‘ಐ ನೆವರ್ ಆಸ್ಕ್ ಫಾರ್ ಇಟ್’ ಎಂಬ ಯೋಜನೆ ಮಾಡಿತು. ಅದು ಮುಟ್ಟಿನ ಕುರಿತದ್ದಲ್ಲ. ಆದರೆ ನೆನಪಿನ ಭಾರವಿರುವ ಹಳೇ ಚೂಡಿದಾರ, ಶಾಲೆಯ ಲಂಗ ಸಾರ್ವಜನಿಕವಾಗಿ ಮಾತಾಡಬಲ್ಲವು ಎಂದು ತೋರಿಸಿತು. 2015ರ ನವೆಂಬರಿನಲ್ಲಿ, ಮುಟ್ಟಾದವರನ್ನು ಪತ್ತೆಮಾಡುವ ಯಂತ್ರ ಬಂದ ಮೇಲೆ ಶಬರಿಮಲೆಗೆ ಹೆಂಗಸರನ್ನು ಬಿಡುವ ಮಾತು ಎಂಬರ್ಥದ ಹೇಳಿಕೆ ದೇವಸ್ವಂ ಮಂಡಳಿಯ ಅಧ್ಯಕ್ಷರಿಂದ ಬಂದಾಗ, ಪಂಜಾಬಿನ ವಿದ್ಯಾರ್ಥಿನಿ ನಿಕಿತಾ ಆಜಾದ್ ‘ಹ್ಯಾಪಿ ಟು ಬ್ಲೀಡ್’ ಶುರುಮಾಡಿದರು. ಪ್ಯಾಡಿನ ಮೇಲೆ ಘೋಷಣೆ ಬರೆದು ಹಿಡಿದ ಫೋಟೋಗಳು ಹರಿದಾಡಿದವು. ಅದು ಮುಂದೆ ಸುಪ್ರೀಂ ಕೋರ್ಟಿನ ಕಟಕಟೆಗೂ ಹೋಯಿತು. 2018ರ ಸೆಪ್ಟೆಂಬರ್ 28ರ ತೀರ್ಪು, ಅದರ ಆಮೇಲಿನ ಗಲಾಟೆ ಎಲ್ಲರಿಗೂ ಗೊತ್ತು.

ಇಷ್ಟು ದೂರ ಹೋಗದೆ ನಮ್ಮ ಬೀದಿಯಲ್ಲೇ ನಿಂತು ನೋಡಿದರೆ, ಕೋಲಾರ ಸೀಮೆಯಲ್ಲಿ ತೊಡುವ ಕಲೆಯ ಪರಾಕಾಷ್ಠೆ ಎಂದರೆ ಕರಗ. ಕೋಲಾರ, ಮಾಲೂರು ಮೊದಲ್ಗೊಂಡು ಊರೂರಲ್ಲಿ ಧರ್ಮರಾಯಸ್ವಾಮಿಯ ಗುಡಿಯಿಂದ ದ್ರೌಪದಿಯ ಕರಗ ಹೊರಡುತ್ತದೆ. ಹೊರುವವನು ಗಂಡಸು. ಆದರೆ ಅವನು ಸೀರೆ ಉಟ್ಟು, ಬಳೆ ತೊಟ್ಟು, ಕುಂಕುಮ ಇಟ್ಟು, ಮಲ್ಲಿಗೆಯಲ್ಲಿ ಮುಳುಗಿ ದ್ರೌಪದಿಯಾಗಿ ನಡೆಯುತ್ತಾನೆ. ಬೆಂಗಳೂರಿನ ಕರಗದಲ್ಲಿ ಅರ್ಚಕ ತನ್ನ ಹೆಂಡತಿಯ ತಾಳಿ, ಬಳೆಗಳನ್ನೇ ತೊಡುವ ಪದ್ಧತಿ ಇದೆ. ಒಂದು ರಾತ್ರಿಯ ಮಟ್ಟಿಗೆ ಹೆಣ್ಣಿನ ಉಡುಪು ಗಂಡಸಿನ ಮೈಮೇಲೆ ಏರಿ ಪೂಜೆಗೆ ಅರ್ಹವಾಗುತ್ತದೆ.

ಈ ದ್ರೌಪದಿ ಯಾರು? ಸಭಾಪರ್ವದಲ್ಲಿ ದುಶ್ಶಾಸನ ಮುಡಿ ಹಿಡಿದು ಎಳೆತಂದಾಗ ಅವಳು ರಜಸ್ವಲೆ, ಏಕವಸ್ತ್ರೆ. ತಾನು ಮುಟ್ಟಾಗಿದ್ದೇನೆ, ಮೈಮೇಲಿರುವುದು ಒಂದೇ ಬಟ್ಟೆ, ಸಭೆಗೆ ಹೇಗೆ ಬರಲಿ ಎಂದು ಅವಳೇ ಬಾಯಿಬಿಟ್ಟು ಹೇಳುತ್ತಾಳೆ. ಕಟ್ಟದ ಮುಡಿ ಅವಳ ಮುಟ್ಟಿನ ಗುರುತೂ ಹೌದು, ಮುಂದಿನ ಹದಿಮೂರು ವರ್ಷದ ಸೇಡಿನ ಗುರುತೂ ಹೌದು. ಮಹಾಭಾರತದ ನಟ್ಟನಡುವಿನ ಆ ಗಳಿಗೆಯಿಂದ ಮುಟ್ಟನ್ನು ತೆಗೆದುಹಾಕಿದರೆ ಅಪಚಾರದ ಅರ್ಧ ತೂಕವೇ ಹೋಗಿಬಿಡುತ್ತದೆ. ಆದರೂ ಆ ರಾತ್ರಿ ಮನೆ ಮುಂದೆ ಕರಗ ಬಂದಾಗ, ಮುಟ್ಟಾದ ಹೆಂಗಸು ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬರುವುದಿಲ್ಲ. ಅಂಥದೇ ಸ್ಥಿತಿಯಲ್ಲಿ ತುಂಬಿದ ಸಭೆಯಲ್ಲಿ ನಿಂತು ನ್ಯಾಯ ಕೇಳಿದವಳು ಬೀದಿಯಲ್ಲಿ ಹಾದುಹೋಗುತ್ತಿರುತ್ತಾಳೆ, ಇವಳು ಕಿಟಕಿಯ ಹಿಂದೆ.

ಈ ಕಡೆಯ ಕೇಳಿಕೆ, ನಾಟಕಗಳಲ್ಲೂ ವಸ್ತ್ರಾಪಹರಣದ ದೃಶ್ಯಕ್ಕೆ ಜನ ಕಾದು ಕೂರುತ್ತಾರೆ. ಪಾತ್ರಧಾರಿ ಒಂದರ ಮೇಲೊಂದು ಸುತ್ತಿಕೊಂಡ ಸೀರೆಗಳು ಬಿಚ್ಚುತ್ತ ಹೋಗುತ್ತವೆ. ಬಣ್ಣ ಬಣ್ಣದವು, ಎಲ್ಲವೂ ಹೊಸವು, ಒಗೆದು ಮಡಿಸಿದವು. ಶುರುವಿನಲ್ಲಿ ಅವಳು ಉಟ್ಟಿದ್ದ ಆ ಒಂದೇ ಒಂದು ಬಟ್ಟೆಯಲ್ಲಿ ರಕ್ತವಿತ್ತು ಎಂಬುದನ್ನು ನಾನು ಕಂಡ ಯಾವ ವೇಷವೂ ತೋರಿಸಿಲ್ಲ. ಕೃಷ್ಣನ ಪವಾಡ ಆ ಗುರುತನ್ನು ಒಗೆದುಬಿಟ್ಟ ಹಾಗಾಗಿದೆ. ಕರಗದ ವೇಷಕ್ಕೆ ಯಾರೂ ಕೈಹಾಕಬೇಕಿಲ್ಲ, ಅದು ಭಕ್ತರದ್ದು. ನಾಟಕದ ಆ ಮೊದಲ ಸೀರೆಗೆ ಮಾತ್ರ ಯಾರಾದರೂ ವಸ್ತ್ರವಿನ್ಯಾಸಕಾರರು ಧೈರ್ಯ ಮಾಡಬಹುದು. ಹೊರಗಿನಿಂದ ಏನನ್ನೂ ತರುವ ಅಗತ್ಯವಿಲ್ಲ, ಕಥೆಯಲ್ಲೇ ಇದೆ. ಕೋಲಾರದ ಅಂತರಗಂಗೆ ಬೆಟ್ಟದ ಸಾಲಿನ ತೇರಹಳ್ಳಿಯಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ ಹುಣ್ಣಿಮೆಯಿಂದ ಹುಣ್ಣಿಮೆಗೆ ಹಾಡು, ನಾಟಕ ನಡೆಸಿಕೊಂಡು ಬಂದ ಜಾಗ. ತಿಂಗಳಿಗೊಮ್ಮೆ ಸೇರುವ ಅಂಥ ಅಂಗಳಕ್ಕಿಂತ ತಕ್ಕ ರಂಗ ಈ ದೃಶ್ಯಕ್ಕೆ ಹೊಳೆಯುವುದಿಲ್ಲ.

ಮೈಮೇಲೆ ತೊಟ್ಟದ್ದರಿಂದಲೇ ಮೈಲಿಗೆಯನ್ನು ಮುರಿದ ಉದಾಹರಣೆ ಕನ್ನಡ ನಾಡಿನಲ್ಲಿ ಇನ್ನೂ ಹಿಂದಿನದಿದೆ. ಹನ್ನೆರಡನೇ ಶತಮಾನದ ಶರಣರು ಇಷ್ಟಲಿಂಗವನ್ನು ಗಂಡಿಗೂ ಹೆಣ್ಣಿಗೂ ಕಟ್ಟಿದರು. ಕಟ್ಟಿದ ಮೇಲೆ ಅದು ಮೈಬಿಟ್ಟು ಹೋಗಬಾರದು. ಹಾಗಿದ್ದ ಮೇಲೆ ಮುಟ್ಟಿನ ದಿನ ಏನು ಮಾಡುವುದು? ದೇವರು ಗರ್ಭಗುಡಿಯಲ್ಲಿದ್ದರೆ ಹೆಂಗಸನ್ನು ಹೊರಗಿಡಬಹುದು. ದೇವರು ಅವಳ ಎದೆಯ ಮೇಲೆಯೇ ಕರಡಿಗೆಯಲ್ಲಿ ತೂಗುತ್ತಿದ್ದರೆ ಅವಳನ್ನು ಎಲ್ಲಿಂದ ಹೊರಗಿಡುತ್ತೀರಿ? ಜನನ, ಮರಣ, ಎಂಜಲು, ಜಾತಿಗಳ ಜೊತೆಗೆ ರಜಸ್ಸಿನ ಸೂತಕವನ್ನೂ ನಿರಾಕರಿಸುವುದು ಶರಣರಿಗೆ ಬರೀ ವಾದವಾಗಿರಲಿಲ್ಲ, ತೊಟ್ಟ ವಸ್ತುವಿನಿಂದಲೇ ಒದಗಿಬಂದ ತೀರ್ಮಾನವಾಗಿತ್ತು. ಇವತ್ತು ಎಷ್ಟೋ ಲಿಂಗಾಯತ ಮನೆಗಳಲ್ಲೂ ಆ ದಿನಗಳಲ್ಲಿ ಹೆಂಗಸರು ಲಿಂಗ ಮುಟ್ಟುವುದಿಲ್ಲ. ವಸ್ತು ಉಳಿದು ಅರ್ಥ ಜಾರುವುದು ಹೀಗೆ. ಮೇ 28ರ ಕೈದಾರ ಹಂಚುವವರು ಈ ಒಂದು ಸಂಗತಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ದೇವಿಯ ರಕ್ತಕ್ಕೆ ಮಾತ್ರ ನಮ್ಮ ದೇಶದಲ್ಲಿ ಎಂದೂ ಅಡ್ಡಿಯಿರಲಿಲ್ಲ. ಅಸ್ಸಾಮಿನ ಕಾಮಾಖ್ಯದಲ್ಲಿ ಅಂಬುಬಾಚಿಯ ಮೂರು ದಿನ ಗುಡಿ ಮುಚ್ಚಿ, ಆಮೇಲೆ ಕೆಂಪು ಬಟ್ಟೆಯ ತುಂಡನ್ನು ಪ್ರಸಾದವಾಗಿ ಕೊಡುತ್ತಾರೆ. ಭಕ್ತರು, ಗಂಡಸರೂ ಸೇರಿ, ತೋಳಿಗೆ ಕಟ್ಟಿಕೊಳ್ಳುತ್ತಾರೆ. ಕೇರಳದ ಚೆಂಗನ್ನೂರಿನಲ್ಲಿ ದೇವಿ ಮುಟ್ಟಾದಳೆಂದು ವಸ್ತ್ರ ಪರೀಕ್ಷಿಸಿ ತೀರ್ಮಾನಿಸುವುದುಂಟು, ಆ ವಸ್ತ್ರಕ್ಕೆ ಬೇಡಿಕೆಯೂ ಉಂಟು. ನಮ್ಮ ತುಳುನಾಡಿನ ಕೆಡ್ಡಸದಲ್ಲಿ ಭೂಮಿತಾಯಿಗೆ ಮೂರು ದಿನ ಮುಟ್ಟು. ನೇಗಿಲು ಹೂಡುವುದಿಲ್ಲ, ಕೊನೆಯ ದಿನ ಅವಳಿಗೆ ಎಣ್ಣೆ ಎರೆಯುತ್ತಾರೆ. ಒಡಿಶಾದ ರಜ ಪರ್ಬದಲ್ಲಿ ಹುಡುಗಿಯರು ಹೊಸ ಬಟ್ಟೆ ತೊಟ್ಟು ಉಯ್ಯಾಲೆ ಆಡುತ್ತಾರೆ. ಇವನ್ನೆಲ್ಲ ಎತ್ತಿ ಹಿಡಿದು ‘ನಮ್ಮಲ್ಲಿ ಕಳಂಕವೇ ಇರಲಿಲ್ಲ, ಗೌರವವಿತ್ತು’ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಭೂಮಿಗೆ ಎಣ್ಣೆ ಎರೆದ ಮನೆಯಲ್ಲೇ ಸೊಸೆಗೆ ಬೇರೆ ಲೋಟ ಇರುತ್ತದೆ.

ಇನ್ನು ದಿನನಿತ್ಯ ತೊಡುವ ಬಟ್ಟೆಯ ವಿಚಾರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ದೇಶದಲ್ಲಿ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 64 ಮಂದಿ ಅಂಗಡಿಯ ಪ್ಯಾಡ್ ಬಳಸುತ್ತಾರೆ, ಶೇ. 50 ಮಂದಿ ಬಟ್ಟೆ ಬಳಸುತ್ತಾರೆ. ಕೂಡಿದರೆ ನೂರು ದಾಟುತ್ತದೆ, ಏಕೆಂದರೆ ಬಹಳ ಮಂದಿ ಎರಡನ್ನೂ ಬಳಸುತ್ತಾರೆ: ಶಾಲೆಗೆ, ಕೆಲಸಕ್ಕೆ ಪ್ಯಾಡು, ಮನೆಯಲ್ಲಿ ಅಮ್ಮನ ಹಳೇ ಕಾಟನ್ ಸೀರೆಯ ಚೂರು. ಪ್ಯಾಡಿಗೆ ಮೆಡಿಕಲ್ ಸ್ಟೋರಿನವರು ಪೇಪರ್ ಸುತ್ತಿ ಕಪ್ಪು ಕವರ್ ತೊಡಿಸುತ್ತಾರೆ. ಬಟ್ಟೆಗೆ ಹಗ್ಗದ ಮೇಲೆ ಲಂಗವೊಂದನ್ನು ಹೊದಿಸುತ್ತಾರೆ. ಬಿಸಿಲು ತಾಗದೆ ತೇವ ಉಳಿದ ಬಟ್ಟೆಯಿಂದ ಕಡಿತ, ಸೋಂಕು. ದೆಹಲಿಯ ‘ಗೂಂಜ್’ ಹಳೇ ಬಟ್ಟೆಯಿಂದ ಪ್ಯಾಡ್ ಮಾಡಿ ಹಂಚುವ ಅಭಿಯಾನವನ್ನೂ, ಆರೋವಿಲ್ಲಿನ ‘ಇಕೋಫೆಮ್’ ಒಗೆದು ಬಳಸುವ ಬಣ್ಣದ ಬಟ್ಟೆ ಪ್ಯಾಡುಗಳನ್ನೂ ವರ್ಷಗಳಿಂದ ನಡೆಸಿವೆ. ಹೂವಿನ ಚಿತ್ತಾರದ, ಗಾಢ ಬಣ್ಣದ ಅಂಥ ಪ್ಯಾಡು ಬಿಸಿಲಲ್ಲಿ ಹಗ್ಗದ ಮೇಲೆ ಒಣಗಿದರೆ ಕರ್ಚೀಫು ಎಂದೇ ಕಾಣುತ್ತದೆ. ಕಸೂತಿ, ಅಚ್ಚು, ಬಣ್ಣ ಬಲ್ಲ ಕಲಾವಿದರಿಗೆ ಇಲ್ಲಿ ನಿಜವಾದ ಕೆಲಸವಿದೆ, ಹೆಸರು ಬರದೇ ಹೋಗಬಹುದು.

ಆದರೆ ಒಗೆಯಲು ನೀರು ಬೇಕು. ಜೀವನದಿಯಿಲ್ಲದ, ಕೊಳವೆಬಾವಿ ಸಾವಿರ ಅಡಿ ದಾಟಿದ ಜಿಲ್ಲೆ ಇದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಏರಲೆಂದು, ಮನೆಯ ನಲ್ಲಿಗಲ್ಲ. ಟ್ಯಾಂಕರಿನ ದಿನ ಬಿಂದಿಗೆ ಲೆಕ್ಕದಲ್ಲಿ ನೀರು ಹಿಡಿಯುವ ಮನೆಯಲ್ಲಿ ‘ಪರಿಸರಸ್ನೇಹಿ ಬಟ್ಟೆ ಪ್ಯಾಡ್ ಬಳಸಿ’ ಎನ್ನುವ ಉಪದೇಶಕ್ಕೆ ಹೆಂಗಸರು ನಕ್ಕರೆ ತಪ್ಪಿಲ್ಲ.

ಸರ್ಕಾರವೂ ತನ್ನ ಪಾಲು ಮಾಡಿದೆ, ಬಿಟ್ಟು ಬಿಟ್ಟು. ಪ್ಯಾಡಿನ ಮೇಲಿನ ಜಿಎಸ್‌ಟಿ 2018ರ ಜುಲೈನಲ್ಲಿ ಹೋಯಿತು. ಶಾಲಾ ಹೆಣ್ಣುಮಕ್ಕಳಿಗೆ ಉಚಿತ ಪ್ಯಾಡ್ ಕೊಡುವ ಕರ್ನಾಟಕದ ‘ಶುಚಿ’ ಯೋಜನೆ ಕೋವಿಡ್ ಕಾಲದಲ್ಲಿ ನಿಂತು, 2024ರಲ್ಲಿ ಮತ್ತೆ ಶುರುವಾಯಿತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಫೋನು, ವಾಹನದ ಬಿಡಿಭಾಗ ಜೋಡಿಸುವ ಸಾವಿರಾರು ಹುಡುಗಿಯರಿಗೆ ಇದು ಕಾಗದದ ಮಾತಲ್ಲ. ಕಂಪನಿ ಬಸ್ಸಿನಲ್ಲಿ ಹಳ್ಳಿಯಿಂದ ಬಂದು, ಕಂಪನಿಯ ಕೋಟು ತೊಟ್ಟು ಲೈನಿನಲ್ಲಿ ಗಂಟೆಗಟ್ಟಲೆ ನಿಲ್ಲುವವರು ಅವರು. ರಜೆ ಕೇಳಿದರೆ ಸೂಪರ್‌ವೈಸರಿಗೆ ದಿನಾಂಕ ತಿಳಿಯುತ್ತದಲ್ಲ ಎಂಬ ಮುಜುಗರವನ್ನು ಆದೇಶ ನೀಗಿಸಲಾರದು. ಹುಡುಗಿ ದೊಡ್ಡವಳಾದದ್ದನ್ನು ಫ್ಲೆಕ್ಸಿನಲ್ಲಿ ಓದಿದ ಊರಿನ ಗಂಡಸೇ ಆ ಸೂಪರ್‌ವೈಸರ್ ಆಗಿದ್ದರೂ ಸರಿ.

ಉಡುಪಿನ ಬಣ್ಣ ಬದಲಾದದ್ದರಿಂದ ಏನಾಗುತ್ತದೆಂದು ಕ್ರೀಡೆಯಲ್ಲಿ ನೋಡಿದ್ದೇವೆ. ವಿಂಬಲ್ಡನ್ 2023ರಿಂದ ಆಟಗಾರ್ತಿಯರಿಗೆ ಸ್ಕರ್ಟಿನ ಒಳಗೆ ಗಾಢ ಬಣ್ಣದ ಚಡ್ಡಿ ತೊಡಲು ಬಿಟ್ಟಿತು. ಅದೇ ವರ್ಷ ಇಂಗ್ಲೆಂಡಿನ ಮಹಿಳಾ ಫುಟ್ಬಾಲ್ ತಂಡ ಬಿಳಿ ಚಡ್ಡಿ ಬಿಟ್ಟು ನೀಲಿಗೆ ಬಂತು, ಆಟಗಾರ್ತಿಯರೇ ಕೇಳಿ ಪಡೆದದ್ದು. ನಮ್ಮ ಅನೇಕ ಶಾಲೆಗಳಲ್ಲಿ ಶನಿವಾರ ಬಿಳಿ ಬಟ್ಟೆ, ಡ್ರಿಲ್ಲಿನ ದಿನ. ಎಂಟನೇ ಕ್ಲಾಸು ದಾಟಿದ ಹುಡುಗಿಯರು ಆ ದಿನ ಬೆನ್ನಿಗೆ ಬ್ಯಾಗು ಇಳಿಬಿಟ್ಟು ನಡೆಯುವುದು, ‘ಹಿಂದೆ ಏನಾದ್ರೂ ಆಗಿದೆಯಾ ನೋಡೇ’ ಎಂದು ಒಬ್ಬಳನ್ನೊಬ್ಬಳು ಕೇಳುವುದು, ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುವುದು ಟೀಚರುಗಳಿಗೆಲ್ಲ ಗೊತ್ತಿರುವ ಸಂಗತಿ. ಈ ಬಿಳಿ ಬಹಳ ಕಡೆ ಶಾಲೆಗಳು ತಾವೇ ಇಟ್ಟುಕೊಂಡ ಪದ್ಧತಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತಾಯಂದಿರು ಕೇಳಿದರೆ, ಮುಂದಿನ ಜೂನಿನಿಂದ ಕಡುನೀಲಿಯೋ ಕಂದೋ ಹೊಲಿಸಲು ಯಾರ ಅಡ್ಡಿಯೂ ಇರಲಾರದು.